ಒಂದು ಹನಿ ಎಣ್ಣೆಗೆ ಹತ್ತೊಂಬತ್ತು ದಿನ: ಹುಬ್ಬಳ್ಳಿಯಲ್ಲಿ ಫ್ಲಾಪಿ ಡ್ರೈವ್ ದುರಸ್ತಿ

ಹುಬ್ಬಳ್ಳಿಯ ದಾಜಿಬಾನ್‌ಪೇಟೆಯ ಒಳಗಲ್ಲಿಯೊಂದರಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಟೇಪ್‌ರೆಕಾರ್ಡರ್ ದುರಸ್ತಿ ಅಂಗಡಿ ಸಿಗುತ್ತದೆ. ಹೊರಗೆ ಫಲಕವಿಲ್ಲ. ಕೆಳಗಿನ ಬಟ್ಟೆ ಅಂಗಡಿಯವರನ್ನು ಕೇಳಿದರೆ ‘ಕಾಕಾನ ಅಂಗಡಿ ಏನ್ರೀ?’ ಎಂದು ಮೇಲಕ್ಕೆ ಕೈ ತೋರಿಸುತ್ತಾರೆ. ಈ ಬೇಸಿಗೆಯಲ್ಲಿ ನಾನು ಗದಗಿನಿಂದ, ಪೆನ್‌ಡ್ರೈವಿಗೂ ಮೊದಲು ಕಂಪ್ಯೂಟರಿನ ಕಡತಗಳನ್ನು ಉಳಿಸುತ್ತಿದ್ದ ಫ್ಲಾಪಿ ಎಂಬ ಕಾಂತೀಯ ತಟ್ಟೆಗಳನ್ನು ಓದುವ ಮೂರು ಹಳೆಯ ಫ್ಲಾಪಿ ಡ್ರೈವ್‌ಗಳನ್ನು ಅಲ್ಲಿಗೆ ಒಯ್ದಿದ್ದೆ. ಎರಡು 3.5 ಅಂಗುಲದವು, ಒಂದು 5.25 ಅಂಗುಲದ್ದು. ಮೂರಕ್ಕೂ ಸೇರಿ ತಗುಲಿದ ಖರ್ಚು 1,920 ರೂಪಾಯಿ: ಸಣ್ಣ ಡ್ರೈವ್‌ಗಳಿಗೆ ತಲಾ 450, ದೊಡ್ಡದಕ್ಕೆ 900, ಒಂದು ಬೆಲ್ಟ್‌ಗೆ 120. ಒಂದು ವಾರದಲ್ಲಿ ಕೊಡುತ್ತೇನೆಂದು ಹೇಳಿದವರು ಕೊಟ್ಟದ್ದು 19ನೆಯ ದಿನ. ಈ ಸೇವೆ ಹಣಕ್ಕೆ ತಕ್ಕುದೇ ಎಂದು ಕೇಳಿದರೆ ಹೌದು ಎನ್ನುತ್ತೇನೆ, ಆದರೆ ಆ ಹೌದಿನ ಜೊತೆಗೆ ಕೆಲವು ತಕರಾರುಗಳೂ ಇವೆ.

ಈ ಕಾಲದಲ್ಲಿ ಫ್ಲಾಪಿ ಡ್ರೈವ್ ಏಕೆ ಎಂದು ಕೇಳುವವರಿಗಾಗಿ ಒಂದೆರಡು ಮಾತು. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ನಮ್ಮ ತಂದೆಯವರ ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದ ಮೇಲೆ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಸ್ವಂತ ಖರ್ಚಿನಲ್ಲಿ ಪುಸ್ತಕ ತರುತ್ತಿದ್ದ ಸುತ್ತಲಿನ ಊರುಗಳ ಕವಿಗಳ ಸಂಕಲನ, ಎಲ್ಲವೂ ಫ್ಲಾಪಿಗಳಲ್ಲಿ ಉಳಿಯುತ್ತಿದ್ದವು. ತಂದೆಯವರು ತೀರಿಕೊಂಡ ಮೇಲೆ ಕಪಾಟಿನಿಂದ 110 ಫ್ಲಾಪಿಗಳು ಹೊರಬಂದವು: 3.5 ಅಂಗುಲದವು 86, 5.25 ಅಂಗುಲದವು 24. ಅವುಗಳಲ್ಲಿ ಒಂದಿಷ್ಟು ಗದಗಿನಲ್ಲಿದ್ದವು, ಇನ್ನೊಂದಿಷ್ಟು ಧಾರವಾಡದ ಸಪ್ತಾಪುರದಲ್ಲಿರುವ ಅಕ್ಕನ ಮನೆಯ ಅಟ್ಟದ ಮೇಲಿದ್ದವು. ಗದಗಿನವು ಎರೆಮಣ್ಣಿನ ಧೂಳು ತಿಂದಿದ್ದರೆ, ಧಾರವಾಡದವು ಅಲ್ಲಿಯ ಜಿಟಿಜಿಟಿ ಮಳೆಯ ತೇವ ಕುಡಿದಿದ್ದವು. ಮುಂದೆ ಬರುವ ಮಾತಿಗೆ ಈ ವ್ಯತ್ಯಾಸ ಬೇಕಾಗುತ್ತದೆ.

ಡ್ರೈವ್‌ಗಳ ಸ್ಥಿತಿ ಹೀಗಿತ್ತು. ಮೊದಲನೆಯದು ಕಂಪ್ಯೂಟರ್ ಚಾಲೂ ಆಗುವಾಗಲೇ ‘ಫ್ಲಾಪಿ ಡಿಸ್ಕ್ ಫೇಲ್ 40’ ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಎರಡನೆಯದು ಕೆಲವನ್ನು ಓದುತ್ತಿತ್ತು, ಕೆಲವಕ್ಕೆ ಕಟಕಟ ಎಂದು ಹಲ್ಲು ಕಡಿದು ‘ಸೆಕ್ಟರ್ ನಾಟ್ ಫೌಂಡ್’ ಎನ್ನುತ್ತಿತ್ತು. 5.25 ಅಂಗುಲದ್ದು ತಿರುಗುತ್ತಲೇ ಇರಲಿಲ್ಲ. ಇಷ್ಟಕ್ಕೆ ಬಿಟ್ಟಿದ್ದರೆ ಕಾಕಾ ಅವರ ಕೆಲಸ ಅರ್ಧವಾಗುತ್ತಿತ್ತು. ಆದರೆ ಅವರ ಬಳಿ ಹೋಗುವ ಮುನ್ನ ನಾನೇ ಕೈಯಾಡಿಸಿದ್ದೆ. ಮೊದಲನೆಯ ಡ್ರೈವಿಗೆ ಬೈಕಿನ ಚೈನಿಗೆ, ತುಕ್ಕು ಹಿಡಿದ ಬೀಗಕ್ಕೆ ಹೊಡೆಯುವ ಸ್ಪ್ರೇ ಹೊಡೆದೆ. ಎರಡು ದಿನ ಸೊಗಸಾಗಿ ಓಡಿ ಮೂರನೆಯ ದಿನ ಮೊದಲಿಗಿಂತ ಬಿಗಿಯಾಯಿತು. ಆ ಬಗೆಯ ಸ್ಪ್ರೇಯಲ್ಲಿ ಬಹುಪಾಲು ಆವಿಯಾಗಿ ಹೋಗುವ ದ್ರಾವಕವೇ ಇರುತ್ತದೆ. ಅದು ಹಳೆಯ ಗ್ರೀಸನ್ನು ತಾತ್ಕಾಲಿಕವಾಗಿ ಕರಗಿಸಿ ಎಲ್ಲ ಕಡೆಗೂ ಹರಡಿ, ತಾನು ಆರಿಹೋಗುತ್ತದೆ. ಎರಡನೆಯ ಡ್ರೈವಿಗೆ ಮುದ್ರಣಾಲಯದ ದಿನಗಳಲ್ಲಿಯೇ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಆ ಡ್ರೈವ್ ಮಧ್ಯಾಹ್ನ ಓಡಿ ಮುಂಜಾನೆ ಮುಷ್ಕರ ಹೂಡುತ್ತಿದ್ದುದಕ್ಕೆ ನಾವು ವರ್ಷಗಟ್ಟಲೆ ಕರೆಂಟನ್ನು ಬೈಯುತ್ತಿದ್ದೆವು.

ಒಣಗಿದ ಗ್ರೀಸು ಇಷ್ಟೊಂದು ಅನಾಹುತ ಮಾಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಅಂಗಡಿಯ ಕೆಲಸದ ಬೆಲೆ ತಿಳಿಯುವುದು ಅದು ಗೊತ್ತಾದ ಮೇಲೆಯೇ. 1.44 ಎಂಬಿಯ 3.5 ಅಂಗುಲದ ಫ್ಲಾಪಿಯ ಪ್ರತಿ ಬದಿಯಲ್ಲಿ ಒಂದರೊಳಗೊಂದು ಇಟ್ಟ ಬಳೆಗಳಂಥ 80 ಟ್ರ್ಯಾಕ್‌ಗಳಿರುತ್ತವೆ, ಪ್ರತಿ ಟ್ರ್ಯಾಕ್‌ನಲ್ಲಿ 512 ಬೈಟ್‌ಗಳ 18 ತುಂಡುಗಳು, ಅಂದರೆ ಸೆಕ್ಟರ್‌ಗಳು. ಒಂದು ಅಂಗುಲಕ್ಕೆ 135 ಟ್ರ್ಯಾಕ್‌ಗಳ ಲೆಕ್ಕದಲ್ಲಿ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ 0.19 ಮಿಲಿಮೀಟರ್‌ನಷ್ಟು. ಓದುವ ಹೆಡ್‌ಗಳನ್ನು ಹೊತ್ತ ಪುಟ್ಟ ಗಾಡಿಯೊಂದು ಉಕ್ಕಿನ ಕಂಬಿಯ ಮೇಲೆ ಜಾರುತ್ತದೆ. ಅದನ್ನು ಮುಂದಕ್ಕೆ ಹಿಂದಕ್ಕೆ ತಳ್ಳುವುದು ಸ್ಕ್ರೂವಿನಂಥ ಸುರುಳಿ ಮರೆಯುಳ್ಳ ಒಂದು ದಂಡ. ದಂಡವನ್ನು ತಿರುಗಿಸುವುದು ಸ್ಟೆಪ್ಪರ್ ಮೋಟರ್. ಕಂಪ್ಯೂಟರಿನಿಂದ ಒಂದು ಮಿಡಿತ ಬಂದರೆ ಮೋಟರ್ ಒಂದು ಹೆಜ್ಜೆ ತಿರುಗಬೇಕು, ಗಾಡಿ ಒಂದು ಟ್ರ್ಯಾಕ್ ಸರಿಯಬೇಕು, ಅದೂ 3 ಮಿಲಿಸೆಕೆಂಡಿನಲ್ಲಿ. ಗಾಡಿ ನಿಜಕ್ಕೂ ಸರಿಯಿತೇ ಎಂದು ನೋಡುವ ಕಣ್ಣು ಡ್ರೈವಿನೊಳಗೆ ಒಂದೇ ಒಂದು ಕಡೆ, ಸೊನ್ನೆಯ ಟ್ರ್ಯಾಕ್‌ನ ಬಳಿ ಮಾತ್ರ ಇದೆ. ಉಳಿದ ದಾರಿಯೆಲ್ಲ ಕತ್ತಲೆಯಲ್ಲಿ ಹೆಜ್ಜೆ ಎಣಿಸಿಕೊಂಡು ನಡೆದ ಹಾಗೆ. ಗ್ರೀಸು ಅಂಟಾಗಿ ಗಾಡಿ ಒಂದು ಹೆಜ್ಜೆ ತಪ್ಪಿಸಿದರೆ ಲೆಕ್ಕದಲ್ಲಿ 40 ಎಂದಿರುತ್ತದೆ, ಹೆಡ್ ನಿಂತಿರುವುದು 39ರಲ್ಲಿ. ಪ್ರತಿ ಸೆಕ್ಟರಿನ ತಲೆಯಲ್ಲಿ ಅದರ ಟ್ರ್ಯಾಕ್ ಸಂಖ್ಯೆ ಬರೆದಿರುವುದರಿಂದ, ಬೇಕಾದ ಸಂಖ್ಯೆ ಸಿಗದೆ ಕಂಪ್ಯೂಟರ್ ‘ಸೆಕ್ಟರ್ ನಾಟ್ ಫೌಂಡ್’ ಎನ್ನುತ್ತದೆ. ನಾವು ಫ್ಲಾಪಿ ಹಾಳಾಯಿತೆಂದು ಎಸೆಯುತ್ತೇವೆ. ಹಾಗೆ ನಮ್ಮ ಮನೆಯಲ್ಲಿ ಎಷ್ಟು ಒಳ್ಳೆಯ ಫ್ಲಾಪಿಗಳು ತಿಪ್ಪೆ ಸೇರಿದವೋ.

ಕಾಕಾ ಅವರು ಮೂಲತಃ ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್‌ಗಳ ಮನುಷ್ಯ. ಧಾರವಾಡದ ಸಂಗೀತದ ಮನೆಗಳಿಂದ ಇಂದಿಗೂ ಸ್ಪೂಲ್ ಟೇಪ್ ಯಂತ್ರಗಳು ಅವರ ಮೇಜಿಗೆ ಬರುತ್ತವೆಯಂತೆ. ಆರ್ಕೆಸ್ಟ್ರಾದವರು ತಮ್ಮ ಹಳೆಯ ಕೀಬೋರ್ಡುಗಳಲ್ಲಿರುವ ಫ್ಲಾಪಿ ಡ್ರೈವ್ ತೋರಿಸಲು ಬಂದದ್ದೇ ಅವರು ಈ ಕೆಲಸಕ್ಕೆ ಇಳಿಯಲು ಕಾರಣವಾಯಿತು. ನನ್ನ ಮೊದಲನೆಯ ಡ್ರೈವಿನ ಮೇಲ್ಮುಚ್ಚಳ ತೆಗೆದು, ಮೂಸಿ ನೋಡಿ, ಯಾವ ಸ್ಪ್ರೇ ಹೊಡೆದಿದ್ದೀರಿ ಎಂದು ನೇರವಾಗಿ ಕೇಳಿದರು. ಬಳಿಕ ಅವರು ಹೇಳಿದ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: “ಎಣ್ಣಿ ಹಾಕೂದು ಎರಡ್ ನಿಮಿಷದ ಕೆಲಸ ರೀ. ಹಳೇ ಎಣ್ಣಿ ತಗ್ಯೂದು ಎರಡ್ ದಿನದ ಕೆಲಸ.”

ಅವರ ಶುಲ್ಕದ ಬಹುಪಾಲು ಈ ತೆಗೆಯುವ ಕೆಲಸಕ್ಕೇ ಹೋಗುತ್ತದೆ, ಮತ್ತು ಅದು ಸರಿ ಎಂಬುದು ನನ್ನ ಅಭಿಪ್ರಾಯ. ಕೇಳಿಕೊಂಡದ್ದರಿಂದ ಮೊದಲ ಡ್ರೈವಿನ ಕೆಲಸವನ್ನು ಕುಳಿತು ನೋಡಲು ಬಿಟ್ಟರು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ ತಂದ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮಾತ್ರ ಬಳಸುತ್ತಾರೆ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 70ರದ್ದರಲ್ಲಿ ನೀರಿರುತ್ತದೆ, ಸೀಮೆಎಣ್ಣೆ ಜಿಡ್ಡು ಉಳಿಸುತ್ತದೆ, ಪೆಟ್ರೋಲು ಕೆಲವು ಪ್ಲಾಸ್ಟಿಕ್ಕುಗಳನ್ನು ಕೆಡಿಸುತ್ತದೆ, ಅಸಿಟೋನ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ. ಸುರುಳಿ ದಂಡದ ಮರೆಗಳಲ್ಲಿ ಜೇನುಮೇಣದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದ ಕಾರ್ಖಾನೆಯ ಗ್ರೀಸನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಚೂಪಾಗಿ ಕೆತ್ತಿದ ಬಿದಿರಿನ ಕಡ್ಡಿಯಿಂದ ಒಂದೊಂದೇ ಮರೆ ಬಿಡಿಸಿದರು. ಲೋಹದ ಮೊನೆ ತಾಗಿಸಿದರೆ ದಂಡದ ಮೇಲೆ ಗೀರು ಬೀಳುತ್ತದೆ, ಆ ಗೀರು ಹೊಸ ಗ್ರೀಸಿನಲ್ಲಿಯೂ ಕೆರೆಯುತ್ತಲೇ ಇರುತ್ತದೆ. ಅನಂತರ ಎರಡೂ ಬದಿಯ ಕಂಬಿಗಳು, ಫ್ಲಾಪಿಯನ್ನು ಒಳಗೆಳೆದು ಕೆಳಗಿಳಿಸುವ ತಗಡಿನ ಜಾರುಪಟ್ಟಿಗಳು. ಆ ಪಟ್ಟಿಗಳಲ್ಲಿ ಜಿಡ್ಡು ಕಟ್ಟಿದರೆ ಫ್ಲಾಪಿ ಪೂರ್ತಿ ಕೆಳಗಿಳಿಯುವುದಿಲ್ಲ. ಹೊರತೆಗೆಯುವಾಗ ಹೆಡ್ ಇನ್ನೂ ಕೆಳಗಿರುವಾಗಲೇ ಫ್ಲಾಪಿ ಸರಿದು, ಅದರ ತಗಡಿನ ಬಾಗಿಲು ಮೇಲಿನ ಹೆಡ್ಡನ್ನು ಕಿತ್ತುಕೊಂಡು ಬರುವ ಅಪಾಯವೂ ಇದೆ. ಹಳೆಯ ಮ್ಯಾಕಿಂತೋಷ್‌ಗಳ 800 ಕೆಬಿ ಡ್ರೈವ್‌ಗಳಲ್ಲಿ ಇದು ಪ್ರಸಿದ್ಧವಾದ ಕಾಯಿಲೆ. ಅವುಗಳಲ್ಲಿ ಫ್ಲಾಪಿಯನ್ನು ಹೊರದಬ್ಬುವುದೂ ಮೋಟರಿನ ಕೆಲಸವಾದ್ದರಿಂದ, ಗ್ರೀಸು ಗಟ್ಟಿಯಾದಾಗ ಪ್ಲಾಸ್ಟಿಕ್ ಹಲ್ಲುಗಾಲಿ ಮುರಿಯುವುದೂ ಉಂಟು.

ಹೊಸ ಗ್ರೀಸಿನ ಸರದಿ ಬಂದಾಗ ನನಗೆ ನಗುವೇ ಬಂತು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುವುದನ್ನು ನೋಡಿ ಬೆಳೆದವನು ನಾನು. ನಮ್ಮ ಲೆಕ್ಕದಲ್ಲಿ ಎಣ್ಣೆ ಹೊರಗೆ ಕಾಣಬೇಕು. ಕಾಕಾ ಅವರು ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಬಿಂದು ಬಿಳಿ ಸಿಂಥೆಟಿಕ್ ಗ್ರೀಸನ್ನು ಸುರುಳಿ ದಂಡಕ್ಕೆ ಮುಟ್ಟಿಸಿ, ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ಓಡಿಸಿ, ಅಂಚಿಗೆ ಬಂದ ಹೆಚ್ಚುವರಿಯನ್ನು ಒರೆಸಿ ತೆಗೆದರು. ಕಂಬಿಗೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆಯ ಒಂದು ಹನಿ, ಅದನ್ನೂ ಒರೆಸಿದರು. ಬೆರಳಿಗೆ ಜಾರು ಗೊತ್ತಾಗಬೇಕು, ಕಣ್ಣಿಗೆ ಎಣ್ಣೆ ಕಾಣಬಾರದು ಎಂಬುದು ಅವರ ಅಳತೆ. ಜಾರುಪಟ್ಟಿಗಳಲ್ಲಿ ತಗಡಿಗೆ ತಗಡು ಉಜ್ಜುವ ನಾಲ್ಕು ಕಡೆ ಮಾತ್ರ ಅದೇ ಬಿಳಿ ಗ್ರೀಸು. ಫ್ಲಾಪಿಯನ್ನು ತಿರುಗಿಸುವ ಮೋಟರಿನ ಬೇರಿಂಗಿಗೆ ಏನನ್ನೂ ಹಾಕಲಿಲ್ಲ. ಶಬ್ದ ಮಾಡದ ಬೇರಿಂಗಿಗೆ ಎಣ್ಣೆ ಬಿಟ್ಟರೆ ಅದು ನಿಮಿಷಕ್ಕೆ 300 ಸುತ್ತಿನ ವೇಗದಲ್ಲಿ ಸಿಡಿದು ಫ್ಲಾಪಿಯ ಮೇಲೆಯೇ ಬೀಳುತ್ತದೆ. ಇಡೀ ಡ್ರೈವಿಗೆ ಹಿಡಿದ ಎಣ್ಣೆ ಒಂದು ಹನಿ ದಾಟಲಿಲ್ಲ. ಗಿರಾಕಿಗೆ ಕೆಲಸ ಕಾಣಲಿ ಎಂದು ಬಳಬಳ ಸುರಿಯುವ ಮೆಕ್ಯಾನಿಕ್ಕುಗಳನ್ನು ಕಂಡವನಿಗೆ ಈ ಜಿಪುಣತನ ದೊಡ್ಡ ಗುಣವಾಗಿ ಕಂಡಿತು.

ಹೆಡ್ಡುಗಳನ್ನು ಶುಚಿ ಮಾಡುವಾಗ ಕೈ ಇನ್ನೂ ನಿಧಾನವಾಯಿತು. ಕೆಳಗಿನ ಹೆಡ್ ಗಟ್ಟಿಯಾಗಿ ಕುಳಿತಿರುತ್ತದೆ. ಮೇಲಿನದು ಕಾಗದದಷ್ಟು ತೆಳುವಾದ ಸ್ಪ್ರಿಂಗ್ ತಗಡಿನಲ್ಲಿ ತೂಗುತ್ತಿರುತ್ತದೆ. ಅದರ ತೋಳನ್ನು ಬೇಕಾದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಎತ್ತಿದರೂ ಆ ತಗಡು ಬಾಗಿ ಡ್ರೈವ್ ಕಾಯಂ ಆಗಿ ಕುರುಡಾಗುತ್ತದೆ. ಹತ್ತಿ ಸುತ್ತಿದ ಕಡ್ಡಿಯ ನಾರು ಹೆಡ್ಡಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆಂದು ಅವರು ಮೆತ್ತನೆಯ ಚರ್ಮದ ತುಣುಕನ್ನು ಬಳಸುತ್ತಾರೆ, ಇದು ಟೇಪ್ ಡೆಕ್ಕಿನ ಅಭ್ಯಾಸ. ಅದೇ ಅಭ್ಯಾಸದ ಬಲದಿಂದ ಟೇಪ್ ಹೆಡ್ಡಿನ ಅಯಸ್ಕಾಂತತೆ ತೆಗೆಯುವ ಉಪಕರಣವನ್ನೂ ಕೈಗೆತ್ತಿಕೊಂಡಾಗ ನಾನು ಬೇಡವೆಂದೆ. ಫ್ಲಾಪಿ ಹೆಡ್ಡಿಗೆ ಅದರ ಅಗತ್ಯವಿಲ್ಲ. ಅವರು ವಾದಿಸದೆ ಬದಿಗಿಟ್ಟರು.

5.25 ಅಂಗುಲದ ಡ್ರೈವ್ ಬೇರೆಯೇ ಪ್ರಾಣಿ. 360 ಕೆಬಿಯ, 40 ಟ್ರ್ಯಾಕ್‌ಗಳ, ಬೆಲ್ಟಿನಿಂದ ತಿರುಗುವ ಹಳೆಯ ಮಾದರಿ. ಈ ಅಳತೆಯ ಫ್ಲಾಪಿಯನ್ನು ಶುಗಾರ್ಟ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತ್ತು. ನಮ್ಮ ಡ್ರೈವ್ ಆ ವಂಶದ ಕಿರಿಯ ಕುಡಿ. ಇದರಲ್ಲಿ ಹೆಡ್ಡಿನ ಗಾಡಿಯನ್ನು ಎಳೆಯುವುದು ಸುರುಳಿ ದಂಡವಲ್ಲ, ತೆಳುವಾದ ಉಕ್ಕಿನ ಪಟ್ಟಿ. ಅದಕ್ಕೆ ಎಣ್ಣೆಯ ಕೈ ಸಹ ತಾಗಬಾರದು. ಕಂಬಿಗಳನ್ನು ಶುಚಿಗೊಳಿಸಿದ ಮೇಲೆ ಗಾಡಿ ತನ್ನ ಭಾರಕ್ಕೇ ಜಾರುವಂತಾಯಿತು. ಬೆಲ್ಟ್ ಮಾತ್ರ ಸಡಿಲಾಗಿ ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಅದರ ಜಾಗಕ್ಕೆ ತಮ್ಮ ಡಬ್ಬಿಯಲ್ಲಿದ್ದ ಕ್ಯಾಸೆಟ್ ಡೆಕ್ಕಿನ ಚಪ್ಪಟೆ ಬೆಲ್ಟೊಂದನ್ನು ಹೊಂದಿಸಿದರು.

ವೇಗ ಸರಿಪಡಿಸಿದ ಬಗೆಯನ್ನು ನಾನು ಮರೆಯಲಾರೆ. ಡ್ರೈವಿನ ಅಡಿಯ ಗಾಲಿಯ ಮೇಲೆ ಕಪ್ಪು-ಬಿಳಿ ಗೆರೆಗಳ ಎರಡು ಬಳೆಗಳನ್ನು ಮುದ್ರಿಸಿರುತ್ತಾರೆ, ಒಂದು 50 ಹರ್ಟ್ಸ್ ವಿದ್ಯುತ್ತಿನ ದೇಶಗಳಿಗೆ, ಇನ್ನೊಂದು 60 ಹರ್ಟ್ಸ್‌ನವಕ್ಕೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅದರಿಂದ ಉರಿಯುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗಾಲಿ ನಿಮಿಷಕ್ಕೆ ಸರಿಯಾಗಿ 300 ಸುತ್ತು ತಿರುಗಿದರೆ ಗೆರೆಗಳು ನಿಂತಂತೆ ಕಾಣುತ್ತವೆ. ಒಂದು ದಿಕ್ಕಿಗೆ ತೇಲಿದರೆ ವೇಗ ಹೆಚ್ಚು, ಇನ್ನೊಂದಕ್ಕೆ ತೇಲಿದರೆ ಕಡಿಮೆ. ಇಂದಿನ ಎಲ್‌ಇಡಿ ದೀಪಗಳಲ್ಲಿ ಮತ್ತು ಎಲೆಕ್ಟ್ರಾನಿಕ್ ಚೋಕಿನ ಟ್ಯೂಬುಗಳಲ್ಲಿ ಈ ಆಟ ನಡೆಯುವುದು ಕಷ್ಟ. ಅದಕ್ಕೆಂದೇ ಕಾಕಾ ಅವರು ಹಳೆಯ ತಾಮ್ರದ ಚೋಕಿನ ಒಂದು ಟ್ಯೂಬ್‌ಲೈಟನ್ನು ಮೇಜಿನ ಮೇಲೆ ಪ್ರತ್ಯೇಕವಾಗಿ ತೂಗುಹಾಕಿದ್ದಾರೆ. ಉಳಿದ ಅಂಗಡಿಗೆಲ್ಲ ಎಲ್‌ಇಡಿ. ರೆಕಾರ್ಡ್ ಪ್ಲೇಯರುಗಳ ವೇಗ ನೋಡಲೂ ಅದೇ ದೀಪ. ಕಂಪ್ಯೂಟರ್ ದುರಸ್ತಿಯ ದೊಡ್ಡ ಅಂಗಡಿಗಳಲ್ಲಿ ನಾನು ವಿಚಾರಿಸಿದಾಗ ಡ್ರೈವನ್ನು ಕೈಯಲ್ಲಿ ಹಿಡಿದು ನಕ್ಕು ಹಿಂದಿರುಗಿಸಿದವರ ಬಳಿ ಇಂಥ ದೀಪವಿರಲು ಕಾರಣವಿಲ್ಲ.

ಆದರೆ ದೀಪದ ಕೆಳಗೆ ನಿಂತ ಗೆರೆಗಳು ಮನೆಯಲ್ಲಿ ನಿಲ್ಲಲಿಲ್ಲ. ನನ್ನ ಬಳಿ ಗ್ರೀಸ್‌ವೀಜಲ್ ಎಂಬ ಸಣ್ಣ ಬೋರ್ಡ್ ಇದೆ. ಕೀರ್ ಫ್ರೇಸರ್ ಎಂಬವರು ರೂಪಿಸಿದ ಈ ಬೋರ್ಡ್, ಡ್ರೈವಿನಿಂದ ಬರುವ ಕಾಂತೀಯ ಏರಿಳಿತಗಳನ್ನು ಹಾಗೆಯೇ ಯುಎಸ್‌ಬಿ ಮೂಲಕ ಇಂದಿನ ಕಂಪ್ಯೂಟರಿಗೆ ತಲುಪಿಸುತ್ತದೆ. ಡ್ರೈವಿನ ಸುತ್ತಿನ ವೇಗವನ್ನೂ ಅಳೆದು ಹೇಳುತ್ತದೆ. ನಿಮಿಷಕ್ಕೆ 300 ಸುತ್ತೆಂದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಮೊದಲನೆಯ ಡ್ರೈವ್ 199.8ಕ್ಕೂ 200.1ಕ್ಕೂ ನಡುವೆ ಅಲುಗದೆ ನಿಂತಿತು. 5.25 ಅಂಗುಲದ್ದು ಚಾಲೂ ಆದ ಮೊದಲ ಹತ್ತು ನಿಮಿಷ 203, 204 ಎಂದು ಎಳೆದಾಡಿ, ಕಾವೇರಿದ ಮೇಲೆ ಹದಕ್ಕೆ ಬಂದಿತು. ಕ್ಯಾಸೆಟ್ ಬೆಲ್ಟಿನ ರಬ್ಬರು ಈ ಕೆಲಸಕ್ಕೆ ಬೇಕಾದುದಕ್ಕಿಂತ ಮೆತ್ತಗಿದೆ ಎಂಬುದು ನನ್ನ ಊಹೆ. ಓದಲು ಇದು ಅಡ್ಡಿಯಾಗಲಿಲ್ಲ, ಆ ಡ್ರೈವಿನಲ್ಲಿ ಹೊಸದಾಗಿ ಬರೆಯಲು ಮಾತ್ರ ನಾನು ಹೋಗುವುದಿಲ್ಲ. 120 ರೂಪಾಯಿ ಪಡೆದ ಬೆಲ್ಟಿನ ಬಗ್ಗೆ ಈ ಮಾತನ್ನು ಅವರೇ ಮೊದಲು ಹೇಳಬೇಕಿತ್ತು.

ಇನ್ನು ಎರಡನೆಯ ಡ್ರೈವಿನ ಕಥೆ. ಮುಚ್ಚಳ ತೆಗೆದೊಡನೆ ಕಾಕಾ ಅವರು ಸ್ಟೆಪ್ಪರ್ ಮೋಟರಿನ ಎರಡು ಸ್ಕ್ರೂಗಳತ್ತ ಬೆರಳು ಮಾಡಿದರು. ಕಾರ್ಖಾನೆಯಲ್ಲಿ ಜೋಡಣೆ ಮುಗಿದ ಮೇಲೆ ಆ ಸ್ಕ್ರೂಗಳ ತಲೆಗೆ ಬಣ್ಣದ ಚುಕ್ಕೆ ಇಟ್ಟು ಮುದ್ರೆ ಹಾಕಿರುತ್ತಾರೆ. ಇಲ್ಲಿ ಆ ಚುಕ್ಕೆ ಒಡೆದಿತ್ತು. ಯಾವುದೋ ಕಾಲದಲ್ಲಿ ಯಾರೋ ಸಡಿಲಿಸಿ ಮತ್ತೆ ಬಿಗಿದಿದ್ದಾರೆ. ಹಾಗೆ ಮಾಡಿದ ಡ್ರೈವಿನಲ್ಲಿ ಹೆಡ್ಡಿನ ಎಲ್ಲ ನಿಲುಗಡೆಗಳೂ ಟ್ರ್ಯಾಕಿನ ನಡುವಿನಿಂದ ಸ್ವಲ್ಪ ಸರಿದುಹೋಗುತ್ತವೆ. ತಾನೇ ಬರೆದುದನ್ನು ಅದು ಸಲೀಸಾಗಿ ಓದುತ್ತದೆ, ಬೇರೆಯವರು ಬರೆದುದಕ್ಕೆ ತಡವರಿಸುತ್ತದೆ. ಇದನ್ನು ಸರಿಯಾಗಿ ತಿದ್ದಲು ವಿಶೇಷವಾಗಿ ಬರೆದ ಅಲೈನ್‌ಮೆಂಟ್ ಡಿಸ್ಕ್ ಬೇಕು. ಅದನ್ನು ಓದಿಸಿ, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಮೂಡುವ, ಬೆಕ್ಕಿನ ಕಣ್ಣುಗಳೆಂದು ಕರೆಯಲಾಗುವ ಎರಡು ಉಬ್ಬುಗಳು ಸಮನಾಗುವ ತನಕ ಮೋಟರನ್ನು ಕೂದಲೆಳೆಯಷ್ಟು ಸರಿಸಬೇಕು. ಕಾಕಾ ಅವರಲ್ಲಿ ಆಸಿಲೋಸ್ಕೋಪ್ ಇದೆ, ಆ ಡಿಸ್ಕ್ ಇಲ್ಲ. “ಇದನ್ನ ನಾ ಮುಟ್ಟಂಗಿಲ್ಲ” ಎಂದು ಖಡಾಖಂಡಿತವಾಗಿ ಹೇಳಿ, ಕೊಬ್ಬರಿ ಎಣ್ಣೆಯ ಅಂಟು ತೆಗೆದು, ಗ್ರೀಸು ಬದಲಿಸಿ, ಸ್ಕ್ರೂಗಳನ್ನು ಇದ್ದಂತೆಯೇ ಬಿಟ್ಟು ಕೊಟ್ಟರು. 450 ರೂಪಾಯಿಯನ್ನೂ ಪೂರ್ತಿ ತೆಗೆದುಕೊಂಡರು. ಗದಗಿನ ರೈಲಿನಲ್ಲಿ ಅಣ್ಣಿಗೇರಿ ಬರುವವರೆಗೂ ನಾನು ಇದನ್ನೇ ಗೊಣಗುತ್ತಿದ್ದೆ.

ಮನೆಗೆ ಬಂದು ಫ್ಲಾಪಿಗಳನ್ನು ಒಂದೊಂದಾಗಿ ಓದಿಸತೊಡಗಿದಾಗ ಗೊಣಗಾಟ ನಿಂತಿತು. ಚೆನ್ನಾಗಿರುವ ಮೊದಲನೆಯ ಡ್ರೈವ್ 86ರಲ್ಲಿ 61 ಫ್ಲಾಪಿಗಳನ್ನು ಸಂಪೂರ್ಣವಾಗಿ ಓದಿತು. ಉಳಿದ 25ರಲ್ಲಿ ಒಂದು ಕಟ್ಟು, ತಂದೆಯವರು ಹಸಿರು ಶಾಯಿಯಲ್ಲಿ ಹೆಸರು ಬರೆದಿದ್ದ 11 ಫ್ಲಾಪಿಗಳು, ಅದರಲ್ಲಿ ಏನು ಮಾಡಿದರೂ ಓದಲಿಲ್ಲ. ಹಟಕ್ಕೆ ಬಿದ್ದು ಸರಿದುಹೋದ ಹೆಡ್ಡಿನ ಎರಡನೆಯ ಡ್ರೈವಿಗೆ ಹಾಕಿದರೆ ಹನ್ನೊಂದೂ ಒಂದೇ ಉಸಿರಿಗೆ ಓದಿಸಿಕೊಂಡವು. ಆ ಸ್ಕ್ರೂಗಳು ಸಡಿಲಾದ ಮೇಲೆ ಆ ಡ್ರೈವಿನಲ್ಲಿಯೇ ಬರೆದ ಫ್ಲಾಪಿಗಳು ಅವು, ಆ ಸೊಟ್ಟ ಡ್ರೈವಿಗೆ ಮಾತ್ರ ಅರ್ಥವಾಗುವ ಸೊಟ್ಟ ಅಕ್ಷರ. ಕಾಕಾ ಅವರು ಅದನ್ನು ನೇರ ಮಾಡಿದ್ದರೆ ಆ ಹನ್ನೊಂದನ್ನು ಓದಬಲ್ಲ ಡ್ರೈವ್ ಇಲ್ಲವಾಗುತ್ತಿತ್ತು. ಅವರು ಬಿಟ್ಟದ್ದು ಇದನ್ನು ಬಲ್ಲ ವಿವೇಕದಿಂದಲೋ ಡಿಸ್ಕ್ ಇಲ್ಲದ ಅನಿವಾರ್ಯದಿಂದಲೋ ನಾನು ಕೇಳಲು ಹೋಗಿಲ್ಲ. ಹಳೆಯ ಡ್ರೈವನ್ನು ದುರಸ್ತಿಗೆ ಕೊಡುವವರು ಇಷ್ಟನ್ನು ಮಾತ್ರ ಬಾಯಿಬಿಟ್ಟು ಹೇಳಿ ಕೊಡಬೇಕು: ಅದರಲ್ಲಿಯೇ ಬರೆದ ಫ್ಲಾಪಿಗಳೆಲ್ಲ ಓದಿ ಮುಗಿಯುವ ತನಕ ಆ ಸ್ಕ್ರೂಗಳ ಮೇಲೆ ಯಾರೂ ಕೈ ಇಡಬಾರದು.

ಮಿಕ್ಕ 14ರಲ್ಲಿ 8 ಅರೆಬರೆ ಓದಿದವು, 6 ಹೋದವು. 5.25 ಅಂಗುಲದ 24ರಲ್ಲಿ 17 ಪೂರ್ತಿ, 4 ಅರ್ಧಂಬರ್ಧ, 3 ಇಲ್ಲ. ಹೋದವುಗಳಲ್ಲಿ ಹೆಚ್ಚಿನವು ಧಾರವಾಡದ ಅಟ್ಟದವು. ಬಾಗಿಲು ಸರಿಸಿ ಬೆಳಕಿಗೆ ಹಿಡಿದರೆ ಕಂದು ಮೇಲ್ಮೈಯ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಗದಗಿನ ಧೂಳು ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಕುಳಿತು ಒಳಗೆ ಅಷ್ಟಾಗಿ ಇಳಿದಿರಲಿಲ್ಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಹಾಕಿದರೆ ಅದರ ಕೊಳೆ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯ ಲೇಪವನ್ನೂ ಉಂಗುರಾಕಾರದಲ್ಲಿ ಕೆರೆದು ಹಾಕುತ್ತದೆ. ಈ ಎಚ್ಚರಿಕೆಯನ್ನು ಕಾಕಾ ಅವರು ಕೊಟ್ಟಿದ್ದರು: ಪ್ರತಿಯೊಂದನ್ನೂ ಮೊದಲು ಕಣ್ಣಿನಿಂದ ನೋಡಿ, ಕೀರಲು ಶಬ್ದ ಕೇಳಿದ ಕ್ಷಣ ನಿಲ್ಲಿಸಿ, ಐದಾರು ಫ್ಲಾಪಿಗಳಿಗೊಮ್ಮೆ ಹೆಡ್ ಒರೆಸಿ. ಬರಹ-ತಡೆಯ ಬಗ್ಗೆಯೂ ಅವರೇ ನೆನಪಿಸಿದರು. 3.5 ಅಂಗುಲದ ಫ್ಲಾಪಿಯಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ರಕ್ಷಣೆ, 5.25 ಅಂಗುಲದ್ದರಲ್ಲಿ ಅಂಚಿನ ಕಚ್ಚನ್ನು ಚೀಟಿ ಅಂಟಿಸಿ ಮುಚ್ಚಿದರೆ ರಕ್ಷಣೆ. ಒಂದಕ್ಕೊಂದು ಉಲ್ಟಾ. ಓದಿ ಬಂದ ಕಡತಗಳಲ್ಲಿನ ಕನ್ನಡ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತಕ್ಕೆ ಮುಂಚಿನ ಫಾಂಟುಗಳದ್ದಾದ್ದರಿಂದ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದು ಬೇರೆಯ ಯುದ್ಧ, ಅದಕ್ಕೆ ಈ ಅಂಗಡಿ ಹೊಣೆಯಲ್ಲ.

ತಕರಾರುಗಳಲ್ಲಿ ದೊಡ್ಡದು, ಫ್ಲಾಪಿಯ ಬರಹವನ್ನೇ ಅಳಿಸಬಲ್ಲ ಅಯಸ್ಕಾಂತಗಳದ್ದು. ಅಂಗಡಿಯ ಮೇಜಿನ ಮೇಲೆ, ಕೆಳಗೆ, ಕಪಾಟಿನಲ್ಲಿ ಬಿಚ್ಚಿಟ್ಟ ಸ್ಪೀಕರುಗಳಿವೆ, ಅವುಗಳ ಹಿಂದೆ ಅಂಗೈಯಗಲದ ಅಯಸ್ಕಾಂತಗಳಿವೆ. ಪರೀಕ್ಷೆಗೆಂದು ನಾನು ಕೊಟ್ಟಿದ್ದ ಎರಡು ಫ್ಲಾಪಿಗಳನ್ನು ಅವರು ಅಂಥದೊಂದು ಸ್ಪೀಕರಿನ ಮೇಲೆಯೇ ಇಟ್ಟಿದ್ದನ್ನು ಕಂಡು ಎದೆ ಝಲ್ಲೆಂದಿತು. ಅವು ಖಾಲಿ ಫ್ಲಾಪಿಗಳಾದ್ದರಿಂದ ನಷ್ಟವಾಗಲಿಲ್ಲ. ಡ್ರೈವನ್ನು ಧೈರ್ಯವಾಗಿ ಬಿಟ್ಟು ಬನ್ನಿ. ಬೇಕಾದ ಫ್ಲಾಪಿಯನ್ನು ಮೆಟ್ಟಿಲು ಸಹ ಹತ್ತಿಸಬೇಡಿ.

ಎರಡನೆಯದು ಸಮಯ. ಹನ್ನೆರಡು ದಿನ ತಡವಾದುದಕ್ಕಿಂತ ನನ್ನನ್ನು ದಣಿಸಿದ್ದು, ತಡವಾಗುತ್ತದೆಂದು ತಿಳಿಸುವ ಕ್ರಮವೇ ಇಲ್ಲದ್ದು. ಅವರು ಕೆಲಸ ಮಾಡುವಾಗ ಫೋನ್ ಎತ್ತುವುದಿಲ್ಲ, ಕೆಲಸ ಮುಗಿದ ಮೇಲೆ ಯಾರು ಫೋನ್ ಮಾಡಿದ್ದರೆಂದು ನೋಡುವುದೂ ಇಲ್ಲ. ಗದಗಿನಿಂದ ಎರಡು ಸಲ ಬರಿಗೈಯಲ್ಲಿ ತಿರುಗಿದೆ. ಚೀಟಿ, ಗ್ಯಾರಂಟಿ ಎರಡೂ ಇಲ್ಲ. ಡ್ರೈವಿನ ಮೇಲೆ ಪೆನ್ಸಿಲಿನಲ್ಲಿ ಊರಿನ ಹೆಸರು ಬರೆದರೆ ಅದೇ ರಸೀದಿ. ಬಿಡಿಭಾಗಗಳ ಬಗ್ಗೆ ಭರವಸೆ ಇಟ್ಟುಕೊಳ್ಳುವಂತಿಲ್ಲ, ಅದು ಅವರ ತಪ್ಪೂ ಅಲ್ಲ. ಸೋನಿಯಂಥ ಕಂಪನಿಯೇ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿದ ಮೇಲೆ ಹೆಡ್ ಹೋದ ಡ್ರೈವಿಗೆ ಇನ್ನೊಂದು ಡ್ರೈವೇ ಬಿಡಿಭಾಗ.

450 ರೂಪಾಯಿ ಕೊಟ್ಟು ದುರಸ್ತಿ ಮಾಡಿಸುವ ಬದಲು ಗುಜರಿಯಲ್ಲಿ ಇನ್ನೊಂದು ಡ್ರೈವ್ ಕೊಳ್ಳಬಾರದೇ ಎಂದು ಗೆಳೆಯರು ಕೇಳಿದರು. ಕೊಳ್ಳಬಹುದು, ಆದರೆ ಗುಜರಿಯ ಡ್ರೈವಿನಲ್ಲಿಯೂ ಅದೇ ಕಾಲದ ಅದೇ ಗ್ರೀಸು ಅಷ್ಟೇ ಗಟ್ಟಿಯಾಗಿ ಕುಳಿತಿರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ತೆಳು ಡ್ರೈವುಗಳು ಸಾಮಾನ್ಯ 1.44 ಎಂಬಿ ಫ್ಲಾಪಿಗಳಿಗೆ ಸಾಕು, 5.25 ಅಂಗುಲಕ್ಕಾಗಲಿ, ಬೇರೆ ವಿನ್ಯಾಸದಲ್ಲಿ ಬರೆದ ಫ್ಲಾಪಿಗಳಿಗಾಗಲಿ ಅವುಗಳಿಂದ ಉಪಯೋಗವಿಲ್ಲ. ಇನ್ನು ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಂಥ ಕಡೆ ಕಂಪ್ಯೂಟರಿನ ಆಜ್ಞೆಯಂತೆ ಕೆಲಸ ಮಾಡುವ ಹಳೆಯ ಸಿಎನ್‌ಸಿ ಯಂತ್ರವನ್ನೋ ಕಸೂತಿ ಯಂತ್ರವನ್ನೋ ಫ್ಲಾಪಿಯಿಂದ ನಡೆಸುತ್ತಿರುವವರಿಗೆ ನನ್ನ ಸಲಹೆ ಬೇರೆ: ದಿನನಿತ್ಯದ ಉತ್ಪಾದನೆ ಅದರ ಮೇಲೆ ನಿಂತಿದ್ದರೆ, ಪೆನ್‌ಡ್ರೈವನ್ನೇ ಫ್ಲಾಪಿಯೆಂದು ಯಂತ್ರಕ್ಕೆ ನಂಬಿಸುವ ಗೋಟೆಕ್‌ನಂಥ ಸಾಧನವನ್ನು ಕೂಡಿಸಿಕೊಳ್ಳುವುದು ಲೇಸು. ಅದಕ್ಕೂ ಮುನ್ನ, ಇರುವ ಫ್ಲಾಪಿಗಳನ್ನು ಒಮ್ಮೆ ಓದಿ ನಕಲು ಮಾಡಿಕೊಳ್ಳಲು, ಶುಚಿಯಾದ ಒಂದು ನಿಜವಾದ ಡ್ರೈವ್ ಬೇಕೇಬೇಕು.

ಒಂದು ಕೆಲಸಕ್ಕೆ ಮಾತ್ರ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಆ ಕಾಲದ ಕೆಲವು ಡ್ರೈವುಗಳ ಸರ್ಕ್ಯೂಟ್ ಹಲಗೆಯ ಮೇಲಿನ ಪುಟ್ಟ ಕೆಪಾಸಿಟರುಗಳು ಸೋರಿ, ಮೀನಿನಂಥ ವಾಸನೆ ಬರುತ್ತದೆ; ಸೋರಿದ ರಸ ಹಲಗೆಯ ತಾಮ್ರವನ್ನು ತಿನ್ನುತ್ತದೆ. ಕಾಕಾ ಅವರ ಕಣ್ಣು ಈಗ ಅಷ್ಟು ಸಣ್ಣ ಬೆಸುಗೆಗೆ ಒಗ್ಗುವುದಿಲ್ಲ, ಅದನ್ನು ಅವರೇ ಒಪ್ಪುತ್ತಾರೆ.

ಹೋಗುವುದಾದರೆ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ, ಕೆಲಸ ನೋಡಲು ಕುಳಿತುಕೊಳ್ಳುತ್ತೇನೆಂದು ಕೇಳಿ. ಚಹಾ ಅವರೇ ತರಿಸುತ್ತಾರೆ. ನನ್ನ ಎರಡನೆಯ ಡ್ರೈವಿನ ಮುಂಬಾಗಿಲಿನ ಸ್ಪ್ರಿಂಗ್ ಜೋಡಿಸುವಾಗ ಎಲ್ಲೋ ಹಾರಿಹೋಗಿದೆ. ಸಿಕ್ಕಾಗ ತೆಗೆದಿಡುತ್ತೇನೆ ಎಂದಿದ್ದಾರೆ. ಸದ್ಯಕ್ಕೆ ಆ ಬಾಗಿಲನ್ನು ನಾನು ಬೆರಳಿನಿಂದ ಮುಚ್ಚುತ್ತಿದ್ದೇನೆ.